ಗೇಟಿಗೆ ಕಟ್ಟಿದ ಕಾಫಿ ಎಲೆ

ಗಂಡ ತೀರಿಕೊಂಡ ಮನೆಗೆ ಅಷ್ಟೊಂದು ಬಾಳೆಹಣ್ಣು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಮ್ಮವರು ಹೋದದ್ದು ಆಷಾಢದ ಮಳೆಯಲ್ಲಿ. ಕಾರ್ಯವೆಲ್ಲ ಮುಗಿದು ನೆಂಟರು ಬಸ್ಸು ಹತ್ತಿದ ಮೇಲೂ ಗೊನೆಗಳು ಬರುತ್ತಲೇ ಇದ್ದವು. ಒಬ್ಬರು ಹಪ್ಪಳ ತಂದರು, ಇನ್ನೊಬ್ಬರು ಜೇನಿನ ಬಾಟಲಿ ತಂದರು, ನಮ್ಮೊಡನೆ ಮಾತು ಬಿಟ್ಟು ವರ್ಷಗಳಾಗಿದ್ದ ಮನೆಯವರು ಒಂದು ಚೀಲ ಸಣ್ಣಕ್ಕಿ ಕಳಿಸಿದರು. ಬಂದವರೆಲ್ಲ ಜಗಲಿಯಲ್ಲಿ ಕೂತು, "ಏನು ಬೇಕಾದ್ರೂ ಹೇಳಿ, ಸಂಕೋಚ ಪಟ್ಕೋಬೇಡಿ" ಎನ್ನುತ್ತಿದ್ದರು. ನಾನು ಕಾಫಿ ಕೊಟ್ಟು, ಅವರ ಕಣ್ಣು ಮನೆಯಲ್ಲಿ ಎಲ್ಲೆಲ್ಲಿ ಓಡಾಡುತ್ತದೆ ಎಂದು ನೋಡುತ್ತಿದ್ದೆ.

ಇದು ಗಂಡ ಹೋದ ದುಃಖದಿಂದ ಹುಟ್ಟಿದ ಬುದ್ಧಿ ಎಂದು ಹೇಳಿದರೆ ಸುಳ್ಳಾಗುತ್ತದೆ. ನಾನು ಮೊದಲಿಂದಲೂ ಹೀಗೆಯೇ. ಹೈಸ್ಕೂಲು ಟೀಚರಾಗಿ ಮೂವತ್ತು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ನಿಂತವಳು. ನೀರು ಕುಡಿಯಲು ಎದ್ದ ಹುಡುಗಿಯ ಅಂಗೈಯನ್ನೂ ತಿರುಗಿಸಿ ನೋಡಿದವಳು. ನಿವೃತ್ತಿಯಾದ ಮೇಲೆ ಆ ಕಣ್ಣನ್ನು ಶಾಲೆಯಲ್ಲೇ ಬಿಟ್ಟು ಬರಬೇಕಿತ್ತು, ಬಿಡಲಿಲ್ಲ. ಸೊಪ್ಪಿನವಳು ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದರೆ, ಇವತ್ತಿನ ಸೊಪ್ಪು ಬಾಡಿರಬೇಕು ಎಂದು ತಿರುವಿ ನೋಡುತ್ತೇನೆ. ನಮ್ಮವರು ಇದನ್ನು ಕಂಡು, "ನೀನು ಸ್ವರ್ಗಕ್ಕೆ ಹೋದ್ರೂ ಬಾಗಿಲಲ್ಲಿ ನಿಂತು, ಯಾಕೆ ಒಳಗೆ ಬಿಡ್ತಿದೀರ ಅಂತ ಕೇಳ್ತೀಯ" ಎಂದು ನಗುತ್ತಿದ್ದರು. ಕೇಳುತ್ತೇನೆ. ಕೇಳಬಾರದೇಕೆ?

ನಮ್ಮದು ಚೆಟ್ಟಳ್ಳಿಯ ಕಡೆ ಆರು ಎಕರೆ ಕಾಫಿ ತೋಟ, ತೋಟದ ಕೆಳಗೆ ಕೆಲಸದವರಿಗೆಂದು ಮೂರು ಕೋಣೆಗಳ ಒಂದು ಲೈನು. ಪಕ್ಕದ ತೋಟ ನನ್ನ ಮೈದುನನದು. ಸ್ವಂತ ಮೈದುನನಲ್ಲ, ನಮ್ಮವರ ಚಿಕ್ಕಪ್ಪನ ಮಗ. ಆಷಾಢದ ನಂತರ ಅವನು ವಾರಕ್ಕೆರಡು ಸಲ ಜೀಪು ನಿಲ್ಲಿಸಿ ಬರುತ್ತಿದ್ದ. ಗ್ಯಾಸು ತಂದುಕೊಟ್ಟ, ಮುರಿದು ಬಿದ್ದ ಸಿಲ್ವರ್ ಓಕ್ ಮರ ಕಡಿಸಿದ, ಬ್ಯಾಂಕಿಗೆ ಕರೆದುಕೊಂಡು ಹೋದ. "ಅತ್ತಿಗೆ, ತೋಟ ಒಬ್ರೇ ನೋಡ್ಕೊಳ್ಳೋದು ಕಷ್ಟ ಆಗುತ್ತಲ್ವಾ?" ಎಂದು ಹೋಗುವಾಗ ಒಮ್ಮೆ ಕೇಳುತ್ತಿದ್ದ. ಅವನ ಹೊಸ ಕಾಫಿ ಕಣಕ್ಕೆ ನಮ್ಮ ತೋಟದ ಮೂಲೆಯಲ್ಲಿ ದಾರಿ ಬೇಕಿತ್ತು ಎಂಬುದು ನನಗೆ ಗೊತ್ತಿತ್ತು. ಆದ್ದರಿಂದ ಅವನು ತಂದ ಗ್ಯಾಸಿನ ಮೇಲೆ ಅಕ್ಕಿ ಬೇಯಿಸುವಾಗಲೂ ನನಗೆ ಅದೇ ಯೋಚನೆ.

ಅಷ್ಟು ಸಾಲದು ಎಂಬಂತೆ ಊರಿನ ಒಂದು ಸಂಘದವರು ಬಂದರು. ನಮ್ಮವರ ನೆನಪಿಗೆ ನಾನೊಂದು ದಾನ ಮಾಡಬೇಕಂತೆ. ಬಸ್ ತಂಗುದಾಣದಲ್ಲಿ ಕಲ್ಲಿನ ಬೆಂಚು ಹಾಕಿಸಿ, ಬೆನ್ನಿಗೆ ಅವರ ಹೆಸರು ಕೆತ್ತಿಸುತ್ತಾರಂತೆ. "ಹಬ್ಬದ ತಿಂಗಳು ಟೀಚರ್, ಈಗ ಕೊಟ್ರೆ ಪುಣ್ಯ ಜಾಸ್ತಿ" ಎಂದರು. ಪುಣ್ಯಕ್ಕೂ ಸೀಸನ್ ಉಂಟು ಎಂದು ನನಗೆ ತಿಳಿದದ್ದು ಅಂದೇ. ನಮ್ಮವರು ಬದುಕಿನಲ್ಲಿ ಒಂದು ದಿನ ಬಸ್ಸಿಗೆ ಕಾದು ಕೂತವರಲ್ಲ, ನಡೆದೇ ಹೋಗುತ್ತಿದ್ದರು ಎಂದು ಹೇಳಿ ಕಳಿಸಿದೆ. ಸಂಘದವರು ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತೆ. ನಡೆದು ಹೋಗುತ್ತಿದ್ದವರು ನಡೆದು ಬರುವುದಿಲ್ಲ ಎಂಬುದು ನನ್ನ ಬಾಯಿಂದಲೇ ಹೊರಬಂದು ನನಗೇ ಕೇಳಿದಂತಾಗಿತ್ತು.

ಕೊಡುವುದರಲ್ಲಿ ನಮ್ಮವರದು ಬೇರೆಯೇ ದಾರಿ. ಪ್ರತಿ ವರ್ಷ ಹುತ್ತರಿಗೆ ಲೈನಿನವರಿಗೆಲ್ಲ ಒಂದೊಂದು ಕಂಬಳಿ ಕೊಡುತ್ತಿದ್ದರು. ಹೊಸ ಭತ್ತ ಮನೆಗೆ ಬರುವ ಹಬ್ಬ, ಚಳಿ ಶುರುವಾಗುವ ಹೊತ್ತು, ಕಾಫಿ ಪಿಕ್ಕಿಂಗ್ ಎದುರಿಗೇ ಇರುತ್ತದೆ. ಕಂಬಳಿ ಕೊಟ್ಟರೆ ಪಿಕ್ಕಿಂಗಿಗೆ ಜನ ನಿಲ್ಲುತ್ತಾರೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ, ಅವರು ಹಾಕುತ್ತಿರಲಿಲ್ಲ. ಒಂದು ವರ್ಷ ತವರಿಗೆ ಹೋದವಳು ಸೋಮವಾರಪೇಟೆ ಸಂತೆಯಲ್ಲಿ ನಾವು ಕೊಟ್ಟ ಕಂಬಳಿಯೇ ಮಾರಾಟಕ್ಕೆ ಕೂತಿದ್ದನ್ನು ಕಂಡೆ. ಅಂಚಿನಲ್ಲಿ ನಾನೇ ಹಾಕಿದ ಹೊಲಿಗೆ ಇತ್ತು. ಮನೆಗೆ ಬಂದು ಕೂಗಾಡಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಕೊಟ್ಟಾಯ್ತಲ್ಲ, ಇನ್ನು ಅದು ಅವರ ಕಂಬಳಿ. ಹೊದ್ಕೊಳ್ಲಿ, ಮಾರ್ಲಿ" ಎಂದರು. ನನಗೆ ಆ ಮಾತು ಇಂದಿಗೂ ಪೂರ್ತಿ ಒಪ್ಪಿಗೆಯಿಲ್ಲ.

ಅವರು ಹೋಗುವ ಮೊದಲು ಲೈನಿನ ಕೊನೆಯ ಕೋಣೆಯನ್ನು ಅಸ್ಸಾಮಿನ ಗಂಡ ಹೆಂಡತಿ ಇಬ್ಬರಿಗೆ ಕೊಟ್ಟಿದ್ದರು. ಇನ್ನೆರಡು ಕೋಣೆ ಖಾಲಿಯಿದ್ದವು. ಇಲ್ಲಿಯ ಜನ ಈಗ ಲೈನಿಗೆ ಬರುವುದಿಲ್ಲ, ತೋಟಗಳೆಲ್ಲ ನಡೆಯುವುದು ಹೊರಗಿನಿಂದ ಬಂದವರಿಂದಲೇ. ಆದರೂ ಊರಿನಲ್ಲಿ ಒಂದು ಕೋಳಿ ಕಾಣೆಯಾದರೆ ಜನ ಮೊದಲು ಹುಡುಕಿಕೊಂಡು ಹೋಗುವುದು ಅವರ ಲೈನಿಗೆ. "ಆಧಾರ್ ನೋಡಿದ್ರಾ?" ಎಂದು ನಾನು ಕೇಳಿದ್ದಕ್ಕೆ, "ನೋಡಿದೆ. ಫೋಟೋದಲ್ಲಿ ಅವನಿಗಿಂತ ನಾನೇ ವಾಸಿ" ಎಂದು ನಗಾಡಿದ್ದರು.

ಆ ಹೆಂಗಸಿಗೆ ಇಪ್ಪತ್ತೈದರ ಆಸುಪಾಸು. ನಮ್ಮ ಗೇಟಿನ ಮುಂದೆ ಹೋಗುವಾಗಲೆಲ್ಲ ನಿಂತು, "ಅಮ್ಮ" ಎಂದು ನಗುತ್ತಿದ್ದಳು. ಅಷ್ಟೇ. ಬೇರೇನೂ ಹೇಳಲು ಅವಳಿಗೆ ಕನ್ನಡ ಬರುತ್ತಿರಲಿಲ್ಲ, ನನಗೆ ಬರುವ ಹಿಂದಿ ಪಠ್ಯಪುಸ್ತಕದ್ದು. ಬೆಳಗ್ಗೆ ಬೆಳಗ್ಗೆ ಕಾರಣವಿಲ್ಲದೆ ನಗುವವರನ್ನು ನಾನು ನಂಬುವುದಿಲ್ಲ. ನಮ್ಮವರು ಹೋದ ಮೇಲೆ ಪಂಪ್ ಮನೆಗೆ ಇನ್ನೊಂದು ಬೀಗ ಹಾಕಿಸಿದೆ.

ಹುತ್ತರಿ ಬಂತು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬವಿಲ್ಲ. ಹೊಸ ಭತ್ತದ ತೆನೆ ತರುವ ಹಾಗಿಲ್ಲ, ಹೊಸಕ್ಕಿಯ ಪಾಯಸ ಮಾಡುವ ಹಾಗಿಲ್ಲ. ಕಂಬಳಿ ಕೊಡಬಾರದು ಎಂದು ಯಾವ ಶಾಸ್ತ್ರವೂ ಹೇಳಿಲ್ಲ, ಆದರೆ ನಾನು ಅದನ್ನೂ ಸಾವಿನ ಲೆಕ್ಕಕ್ಕೆ ಸೇರಿಸಿಬಿಟ್ಟೆ. ಹಬ್ಬವಿಲ್ಲ, ಆದ್ದರಿಂದ ಕಂಬಳಿಯೂ ಇಲ್ಲ. ನಿಜ ಹೇಳಬೇಕೆಂದರೆ ನನಗೆ ಹಗುರವೆನಿಸಿತು, ಮರುಕ್ಷಣವೇ ನಾಚಿಕೆಯೂ ಆಯಿತು. ಗುರುವಾರ ಸಂಜೆ ಮೈದುನನ ಗದ್ದೆಯ ಕಡೆಯಿಂದ ತೆನೆ ಕೊಯ್ಯುವವರ "ಪೊಲಿ ಪೊಲಿ" ಎಂಬ ಕೂಗೂ ಪಟಾಕಿಯ ಸದ್ದೂ ಕೇಳಿದಾಗ ಎದ್ದು ಕಿಟಕಿ ಹಾಕಿದೆ. ಆಮೇಲೆ ಸದ್ದೆಲ್ಲ ಅಡಗಿದ ಹೊತ್ತಿಗೆ ಮತ್ತೆ ತೆರೆದಾಗ ಗೇಟಿನ ಆಚೆ ಆ ಹೆಂಗಸು ನಿಂತಿದ್ದು ಕಂಡಿತು.

ಶುಕ್ರವಾರ ಬೆಳಗ್ಗೆ ಹಾಲಿಗೆ ಹೋದವಳು ಗೇಟಿನ ಹತ್ತಿರ ನಿಂತುಬಿಟ್ಟೆ. ಚಿಲಕದ ಪಕ್ಕದ ಕಂಬಿಗೆ ಅಂಗೈ ಅಗಲದ ಒಂದು ಕಟ್ಟು ನೇತಾಡುತ್ತಿತ್ತು. ಬಾಡಿದ ಎಲೆಗಳನ್ನು ಒಂದರ ಮೇಲೊಂದು ಸುತ್ತಿ, ಕೆಂಪು ಬಟ್ಟೆಯ ಚೂರಿನಿಂದ ಬಿಗಿದಿದ್ದರು. ಮೇಲಿನ ಎಲೆ ಕಾಫಿಯದು. ಒಳಗೆ ಏನೋ ಗಟ್ಟಿಯಾಗಿ ಉಬ್ಬಿತ್ತು. ಮಾಟಮಂತ್ರವನ್ನು ನಾನು ನಂಬುವುದಿಲ್ಲ, ಮಕ್ಕಳಿಗೂ ನಂಬಬೇಡಿ ಎಂದೇ ಪಾಠ ಮಾಡಿದವಳು. ಆದರೆ ಅದನ್ನು ಮುಟ್ಟಲು ಮನಸ್ಸಾಗಲಿಲ್ಲ. ಕಳ್ಳರು ಒಂಟಿ ಮನೆಗಳಿಗೆ ಹಗಲೇ ಗುರುತು ಕಟ್ಟಿ ಹೋಗುತ್ತಾರೆ ಎಂದು ಊರಿನ ಮೊಬೈಲ್ ಗ್ರೂಪಿನಲ್ಲಿ ತಿಂಗಳಿಂದ ಬರುತ್ತಿತ್ತು. ಅದನ್ನು ಮಾತ್ರ ನಂಬಿದೆ. ಮೈದುನನಿಗೆ ಫೋನು ಮಾಡಿದೆ.

ಅವನು ಐದು ನಿಮಿಷದಲ್ಲಿ ಬಂದ. ಬಗ್ಗಿ ನೋಡಿ, ಮುಟ್ಟದೆ ಎರಡು ಫೋಟೋ ತೆಗೆದ. "ಇದು ಗುರುತೇ ಅತ್ತಿಗೆ. ನೀವೊಬ್ರೇ ಇರೋದು ಗೊತ್ತಿರೋರ ಕೆಲ್ಸ. ಈ ಕಡೆ ಯಾರು ಓಡಾಡ್ತಾರೆ?" ಎಂದು ಕೇಳಿದ.

"ಲೈನಿನವರು" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. "ನಿನ್ನೆ ಸಂಜೆ ಅವಳು ಗೇಟಿನ ಹತ್ರ ನಿಂತಿದ್ಲು. ನಾನೇ ನೋಡ್ದೆ" ಎಂದೂ ಸೇರಿಸಿದೆ. ಪರೀಕ್ಷೆಯಲ್ಲಿ ನಕಲು ಹಿಡಿದಾಗ ಬರುತ್ತಿದ್ದ ಅದೇ ದನಿ ನನ್ನ ಬಾಯಿಂದ ಬಂತು. ಆ ಹೊತ್ತಿಗೆ ಅದರಲ್ಲೊಂದು ಸುಖವೂ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಗಂಟೆಯೊಳಗೆ ಫೋಟೋ ಗ್ರೂಪಿಗೆ ಹೋಯಿತು. ಮಧ್ಯಾಹ್ನಕ್ಕೆ ಎರಡು ಜೀಪಿನಲ್ಲಿ ಊರಿನ ಗಂಡಸರು ಬಂದು ಲೈನಿನ ಮುಂದೆ ನಿಂತರು. ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಕೋಣೆಯ ಪಾತ್ರೆ ಪಡಗ ಎಲ್ಲ ಹೊರಗಿಡಿಸಿ ನೋಡಿದರು. ಏನೂ ಸಿಗಲಿಲ್ಲ. ಸಿಗದಿದ್ದುದೇ ಅವರಿಗೆ ಇನ್ನೂ ದೊಡ್ಡ ಅನುಮಾನವಾಯಿತು. ಸೋಮವಾರದೊಳಗೆ ಖಾಲಿ ಮಾಡಬೇಕು ಎಂದು ಹೇಳಿ ಹೋದರು. ಅರೇಬಿಕಾ ಕಾಫಿ ಹಣ್ಣಾಗಿತ್ತು, ಎಲ್ಲ ತೋಟಕ್ಕೂ ಆಳು ಬೇಕಿತ್ತು, ಆದರೆ ಆ ಫೋಟೋ ಸುತ್ತಿದ ಕಡೆಯಲ್ಲೆಲ್ಲ ಈ ಇಬ್ಬರಿಗೆ ಕೋಣೆ ಕೊಡುವವರು ಯಾರೂ ಇರಲಿಲ್ಲ. ಇಡೀ ಸೀಸನ್ನಿನ ಕೂಲಿ, ತಲೆಯ ಮೇಲಿನ ಸೂರು ಎರಡೂ ನನ್ನ ಒಂದು ಮಾತಿನಲ್ಲಿ ಹೋಗುವುದಿತ್ತು. ನಾನು ಜಗಲಿಯಿಂದ ನೋಡುತ್ತಿದ್ದೆ. ಆ ಹೆಂಗಸು ಒಮ್ಮೆ ಮೇಲೆ ನನ್ನ ಕಡೆ ನೋಡಿದಳು. ನಗಲಿಲ್ಲ. ನೋಡಿದೆಯಾ, ನಗು ನಿಂತಿತು ಎಂದುಕೊಂಡೆ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಮಗಳು ಬಂದಳು. ಮಡಿಕೇರಿಯಲ್ಲಿ ಅವಳೂ ಟೀಚರು, ಶನಿವಾರ ಶನಿವಾರ ಬರುತ್ತಾಳೆ. ಸಾಕ್ಷಿಗೆಂದು ಆ ಕಟ್ಟನ್ನು ಯಾರೂ ಬಿಚ್ಚದೆ ಹಾಗೆಯೇ ಬಿಟ್ಟಿದ್ದರು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಅವಳು ಕೆಂಪು ಬಟ್ಟೆ ಎಳೆದು ಬಿಚ್ಚಿಯೇಬಿಟ್ಟಳು. ಕಾಫಿ ಎಲೆ, ಮೆಣಸಿನ ಬಳ್ಳಿಯ ಎಲೆ, ಹಲಸು, ಸೀಬೆ, ಸಿಲ್ವರ್. ಐದು ಎಲೆ. ನಡುವೆ ಭತ್ತದ ತೆನೆಗಳು, ಒಂದು ಹಿಡಿ, ಕಾಳು ಉದುರದ ಹಾಗೆ ಮಡಚಿಟ್ಟಿದ್ದವು.

"ಅಮ್ಮ, ಇದು ನೆರೆ ಅಲ್ವಾ?" ಎಂದಳು.

ಹುತ್ತರಿಯ ತೆನೆ ತಂದ ಮೇಲೆ ಐದು ಬಗೆಯ ಎಲೆಗಳ ಜೊತೆ ಅದನ್ನು ನಾರಿನಲ್ಲಿ ಕಟ್ಟಿ, ಬಾಗಿಲು, ಕಂಬ, ಕಣಜ, ಈಗೀಗ ಜೀಪು, ಪಂಪ್‌ಸೆಟ್, ಎಲ್ಲಕ್ಕೂ ಕಟ್ಟುತ್ತೇವೆ. ಅದೇ ನೆರೆ. ಮನೆ ತುಂಬಲಿ ಎಂದು ಕಟ್ಟುವುದು. ಇಂತಿಂಥ ಎಲೆಯೇ ಆಗಬೇಕು ಎಂದು ಕ್ರಮವಿದೆ, ಮಾವಿನದು, ಅರಳಿಯದು, ಹೀಗೆ. ತೆನೆಯನ್ನು ಹೊರಗೆ ಕಾಣುವಂತೆ ಇಡುತ್ತಾರೆ.

"ಕಾಫಿ ಎಲೆ ಹಾಕಿ ಯಾರಾದ್ರೂ ನೆರೆ ಕಟ್ತಾರೇನೇ?" ಎಂದೆ.

"ಗೊತ್ತಿಲ್ದೋರು ಕಟ್ತಾರೆ" ಎಂದಳು ಮಗಳು.

ಇಬ್ಬರೂ ಲೈನಿಗೆ ಇಳಿದೆವು. ಆ ಹೆಂಗಸಿನ ಗಂಡ ಕೆಲಸ ಹುಡುಕಿಕೊಂಡು ಹೋಗಿದ್ದ. ಅವಳು ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನನ್ನ ಕೈಯಲ್ಲಿದ್ದ ಎಲೆಗಳನ್ನು ಕಂಡು ಎದ್ದು ಗೋಡೆಗೆ ಒರಗಿ ನಿಂತಳು. ಮಗಳ ಹಿಂದಿ ಚೆನ್ನಾಗಿದೆ. ಕೇಳಿದಳು.

ಆ ಹೆಂಗಸು ಹಿಂದಿಯನ್ನೂ ಕಲಿತಷ್ಟು ಕನ್ನಡವನ್ನೂ ಬೆರೆಸಿ ಹೇಳಿದಳು. ಗುರುವಾರ ಅವಳು ಮೈದುನನ ಮನೆಗೆ ಹಬ್ಬದ ಕೆಲಸಕ್ಕೆ ಹೋಗಿದ್ದಳು. ಸಂಜೆ ತೆನೆ ಕೊಯ್ದು ಬಂದವರು ಇದ್ದಬದ್ದವರಿಗೆಲ್ಲ ಒಂದೊಂದು ಹಿಡಿ ಕೊಟ್ಟರು, ಇವಳಿಗೂ ಕೊಟ್ಟರು. ಜೀಪಿಗೆ ಕಟ್ಟುವುದು, ಕೊಟ್ಟಿಗೆಗೆ ಕಟ್ಟುವುದು ಎಲ್ಲ ನೋಡಿದಳು. ವಾಪಸು ಬರುವಾಗ ನಮ್ಮ ಗೇಟು ನೋಡಿದರೆ ಏನೂ ಇಲ್ಲ.

"ಸಬ್ ಮನೆ ಕಟ್ಟಿ. ಅಮ್ಮ ಮನೆ ಇಲ್ಲ" ಎಂದಳು ನನ್ನ ಕಡೆ ತಿರುಗಿ. "ಸಾಹೇಬ್ ಇಲ್ಲ. ಕೌನ್ ಕಟ್ಟಿ?"

ಅವಳಿಗೆ ಸಿಕ್ಕಿದ್ದು ಅದೊಂದೇ ಹಿಡಿ. ತನ್ನ ಬಾಗಿಲಿಗೆ ಒಂದು ತೆನೆಯನ್ನೂ ಉಳಿಸಿಕೊಂಡಿರಲಿಲ್ಲ. ಐದು ಎಲೆ ಎಂಬುದು ತಿಳಿದಿತ್ತು, ಯಾವ ಐದು ಎಂಬುದು ತಿಳಿದಿರಲಿಲ್ಲ. ದಾರಿಯಲ್ಲಿ ಸಿಕ್ಕಿದ್ದನ್ನು ಕಿತ್ತಿದ್ದಳು. ಇಲಿ, ಹಕ್ಕಿ ತಿನ್ನಬಾರದೆಂದು ತೆನೆಯನ್ನು ಒಳಗಿಟ್ಟು ಸುತ್ತಿ, ತನ್ನ ಹಳೆಯ ಸೀರೆಯ ಅಂಚು ಹರಿದು ಕಟ್ಟಿದ್ದಳು.

ನನ್ನ ನಾಲಿಗೆಗೆ ಮೊದಲು ಬಂದದ್ದು ಏನು ಗೊತ್ತೇ? ಸಾವಾದ ಮನೆಗೆ ನೆರೆ ಕಟ್ಟಬಾರದು ಎಂಬ ತಿದ್ದುಪಡಿ. ಅದನ್ನು ನುಂಗಿದೆ. ಆಮೇಲೆ ಬಂದದ್ದು ಇನ್ನೂ ಕೆಟ್ಟದ್ದು. "ಕಟ್ಟು ಅಂತ ನಿಂಗೆ ಹೇಳಿಕೊಟ್ಟೋರು ಯಾರು?" ಎಂದು ಕೇಳಿಯೇಬಿಟ್ಟೆ. ಮಗಳು ನನ್ನ ಮೊಣಕೈ ಹಿಡಿದಳು. "ಕೋಯಿ ನಹೀ" ಎಂದಳು ಆ ಹೆಂಗಸು. ಯಾರೂ ಇಲ್ಲ.

ಅಲ್ಲಿಂದ ನೇರ ಮೈದುನನ ಮನೆಗೆ ಹೋದೆ. ನಡೆದದ್ದೆಲ್ಲ ಹೇಳಿ, ತಪ್ಪು ನನ್ನದು, ಗಂಡಸರಿಗೆಲ್ಲ ಫೋನು ಮಾಡಿ ಹೇಳು ಎಂದೆ. ಅವನು ಹಬ್ಬದ ಪಾಯಸ ಮುಂದಿಟ್ಟು ನಕ್ಕ.

"ನಿಮ್ದು ಒಳ್ಳೇ ಮನಸ್ಸು ಅತ್ತಿಗೆ. ಅದನ್ನೇ ಅವ್ರು ಉಪಯೋಗಿಸ್ಕೊಳ್ಳೋದು."

ಜನ್ಮದಲ್ಲಿ ಮೊದಲ ಸಲ ಯಾರೋ ನನ್ನನ್ನು ಒಳ್ಳೆಯ ಮನಸ್ಸಿನವಳು ಎಂದಿದ್ದರು, ಅದೂ ಇಂಥ ಹೊತ್ತಿನಲ್ಲಿ. "ನಿನ್ನ ಮನೇಲೇ ನೋಡಿ ಕಲ್ತಿದ್ದು ಮಾರಾಯ, ನೀವೇ ತೆನೆ ಕೊಟ್ಟಿದ್ದು!" ಎಂದೆ. "ಹೆದರಿಸಿರ್ತಾರೆ ನಿಮ್ಮನ್ನ" ಎಂದ. ಅವನಿಗೆ ನನ್ನ ದಾರಿ ಬೇಕು, ಖಾಲಿ ಲೈನು ಬೇಕು, ಅದಕ್ಕೇ ಹೀಗೆ ಎಂದು ನನ್ನ ತಲೆ ಓಡಿತು. ಇರಲೂಬಹುದು. ಅಲ್ಲದೆಯೂ ಇರಬಹುದು. ಅವನ ಮುಖದಲ್ಲಿ ನನ್ನ ಬಗ್ಗೆ ನಿಜವಾದ ಕಾಳಜಿ ಇತ್ತು ಎಂದು ಈಗ ಅನಿಸುತ್ತದೆ. ಅದು ಇದ್ದುದೇ ಕಷ್ಟವಾಯಿತು. ದುರಾಸೆಯವನ ಜೊತೆ ಜಗಳವಾಡಬಹುದು, ನನ್ನನ್ನು ಕಾಪಾಡುತ್ತೇನೆಂದು ಹೊರಟವನ ಜೊತೆ ಏನು ಮಾಡಲಿ?

ನಾನೇ ಗ್ರೂಪಿನಲ್ಲಿ ನಾಲ್ಕು ಸಾಲು ಬರೆದೆ. ಅದು ನೆರೆ, ಗುರುತಲ್ಲ, ತಪ್ಪು ತಿಳಿದುಕೊಂಡವಳು ನಾನು ಎಂದು. ಮೂರು ಜನ ಕೈಮುಗಿಯುವ ಚಿತ್ರ ಹಾಕಿದರು. ಅದರ ಕೆಳಗೇ ಯಾರೋ ಮೊದಲಿನ ಫೋಟೋವನ್ನು ಮತ್ತೆ ಹಾಕಿ, "ಎಲ್ಲರೂ ಎಚ್ಚರವಾಗಿರಿ" ಎಂದು ಬರೆದರು. ನಾನು ಅನುಮಾನದಲ್ಲಿ ಆಡಿದ ಒಂದು ಮಾತು ಎಲ್ಲರ ಹೊಟ್ಟೆಗೂ ಇಳಿದಿತ್ತು, ಖಾತ್ರಿಯಾಗಿ ಬರೆದ ನಾಲ್ಕು ಸಾಲು ಯಾರ ಕಿವಿಗೂ ಬೀಳಲಿಲ್ಲ.

ಭಾನುವಾರ ಅವಳ ಗಂಡ ಮೇಲೆ ಬಂದು, ಹೋಗುತ್ತೇವೆ ಎಂದ. ಲೈನು ನನ್ನದು, ನಿಮ್ಮನ್ನು ಎಬ್ಬಿಸಲು ಯಾರಿಗೂ ಅಧಿಕಾರವಿಲ್ಲ, ಪಿಕ್ಕಿಂಗ್ ಮುಗಿಯುವ ತನಕವಾದರೂ ಇರಿ ಎಂದು ಮಗಳ ಕೈಯಲ್ಲಿ ಹೇಳಿಸಿದೆ, ನಾನೂ ಹೇಳಿದೆ, ಕೊನೆಗೆ ಬೇಡಿಕೊಂಡೆ. ಅವನು ತಲೆ ತಗ್ಗಿಸಿಕೊಂಡು ಕೇಳಿದ. ರಸ್ತೆಯಲ್ಲಿ ಎರಡು ದಿನದಿಂದ ಜೀಪು ನಿಧಾನಿಸಿ ನೋಡಿ ಹೋಗುತ್ತಿತ್ತಂತೆ. ಅವಳೊಬ್ಬಳನ್ನೇ ಲೈನಿನಲ್ಲಿ ಬಿಟ್ಟು ಕೆಲಸಕ್ಕೆ ಹೋಗಲು ಅವನಿಗೆ ಇನ್ನು ಧೈರ್ಯವಿರಲಿಲ್ಲ.

ಸಂಜೆ ಪೇಟೆಗೆ ಹೋಗಿ ಎರಡು ಕಂಬಳಿ ತಂದೆ. ನಮ್ಮವರು ತರುತ್ತಿದ್ದುದಕ್ಕಿಂತ ದಪ್ಪದ್ದು, ಒಳ್ಳೆಯದು. ಸೋಮವಾರ ಬೆಳಗ್ಗೆ ಅವನ್ನು ಹೊತ್ತುಕೊಂಡು ಲೈನಿಗೆ ಇಳಿದೆ. ಅವಳು ಕೋಣೆ ಗುಡಿಸಿ, ಒರೆಸಿ, ನಾವು ಕೊಟ್ಟಿದ್ದ ಬಕೆಟ್ಟು, ಬಲ್ಬು, ಕತ್ತಿ ಮೂರನ್ನೂ ಹೊಸ್ತಿಲ ಮೇಲೆ ಸಾಲಾಗಿ ಇಟ್ಟಿದ್ದಳು. ನಾನು ಕಂಬಳಿಗಳನ್ನು ಚಾಚಿದೆ. ಅವಳು ಅಂಚನ್ನು ಬೆರಳಿನಲ್ಲಿ ಮುಟ್ಟಿ ನೋಡಿದಳು, ಇಷ್ಟವಾಯಿತು ಎಂದು ಕಂಡಿತು. ಆಮೇಲೆ ಗಂಡನ ಮುಖ ನೋಡಿದಳು. ಅವನು ತಲೆಯಾಡಿಸಿದ, ಬೇಡ ಎಂದು.

"ನಯಾ ಕಂಬಳಿ" ಎಂದಳು ಅವಳು, ಮೆಲ್ಲಗೆ, ನನಗೆ ಅರ್ಥವಾಗಲಿ ಎಂದು ಒಂದೊಂದೇ ಪದ ಹುಡುಕಿ. "ರಸ್ತೆ ಮೇಲೆ ಜೀಪ್ ಕೇಳಿ, ಎಲ್ಲಿ ತಂದಿ? ನಾನು ಏನ್ ಹೇಳಿ?"

ನಾನು ಬರೆದುಕೊಡುತ್ತೇನೆ ಎಂದೆ. ಅವಳಿಗೆ ತಿಳಿಯಲಿಲ್ಲ. ತಿಳಿದಿದ್ದರೂ ಪ್ರಯೋಜನವಿರಲಿಲ್ಲ, ನಾನು ಬರೆದದ್ದನ್ನು ಊರು ಎಷ್ಟು ನಂಬಿತೆಂದು ನೋಡಿಯಾಗಿತ್ತು. ಕಂಬಳಿಗಳು ನನ್ನ ತೋಳಿನ ಮೇಲೆಯೇ ಉಳಿದವು. ಒಂದು ಹಿಡಿ ತೆನೆಗೆ ನಾನು ಆ ತನಕ ಅವಳಿಗೆ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಈಗ ಆಡಬೇಕು ಎಂದು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಅವಳು ಬಗ್ಗಿ ತನ್ನ ಚೀಲವನ್ನು ಎತ್ತಿ ನನ್ನ ಮುಂದಿಟ್ಟಳು. ಜಿಪ್ ಎಳೆದು, ಬಾಯಿ ಅಗಲಿಸಿ ಹಿಡಿದಳು.

"ನೋಡಿ ಅಮ್ಮ" ಎಂದಳು.

ಬೇಡ, ಮುಚ್ಚು ಎನ್ನಬೇಕಿತ್ತು. ಅದು ಬಾಯಿಗೆ ಬರುವ ಮೊದಲೇ ನನ್ನ ಕಣ್ಣು ಒಳಗೆ ಇಳಿದಿತ್ತು. ಎರಡು ಸೀರೆ, ಗಂಡನ ಒಂದು ಶರ್ಟು, ಸ್ಟೀಲಿನ ತಟ್ಟೆ, ಬಾಚಣಿಗೆ, ಫೋನಿನ ಚಾರ್ಜರು. ತಳದ ತನಕ ನೋಡಿದೆ. ನಾನು ನೋಡಿ ಮುಗಿಸುವ ತನಕ ಅವಳು ಹಾಗೆಯೇ ಹಿಡಿದುಕೊಂಡಿದ್ದು, ಆಮೇಲೆ ಜಿಪ್ ಹಾಕಿದಳು.